ಹಳೆ ಹಾಯಿದೋಣಿಯ ಹೊಟ್ಟೆ ನೋಡುವುದು

ಆ ದೋಣಿಯ ಮೇಲೆ ಕಾಲಿಟ್ಟ ಕೂಡಲೇ ಡೆಕ್ ನನ್ನ ಹಿಮ್ಮಡಿಯ ಕೆಳಗೆ ಸ್ವಲ್ಪ ಕುಗ್ಗಿತು. ನೆನೆದ ಚಾಪೆಯ ಮೇಲೆ ನಿಂತ ಹಾಗೆ. ಗೊತ್ತಾಯಿತು. ಗೊತ್ತಾದರೂ ಗೊತ್ತಾಗದವಳ ಹಾಗೆ ಮುಂದೆ ನಡೆದೆ. ಯಾಕೆಂದರೆ ಒಳಗೆ ಇಳಿಯುವ ಮೆಟ್ಟಿಲ ಬಳಿಯಿಂದಲೇ ತೇಗದ ಹೊಳಪು ಕಾಣುತ್ತಿತ್ತು. ಪುಟ್ಟ ಅಡುಗೆಕಟ್ಟೆ, ಹಿತ್ತಾಳೆ ದೀಪ, ನೀಲಿ ದಿಂಬುಗಳು. ಮಾಲೀಕರು ಎಂಬತ್ತರ ಹತ್ತಿರದ ಅಜ್ಜ. ‘ಇದು ಎರಡು ಸಲ ಬರ್ಮುಡಾಕ್ಕೆ ಹೋಗಿ ಬಂದ ದೋಣಿ’ ಅಂದರು. ಅಟ್ಲಾಂಟಿಕ್ಕಿನ ನಡುವಿನ ದ್ವೀಪ ಅದು. ಅಷ್ಟು ಸಾಕಾಯಿತು. ಮನಸ್ಸಿನಲ್ಲಿ ನಾನು ಆಗಲೇ ನಡುಗಡಲಿನಲ್ಲಿದ್ದೆ.

ಇದು 2016ರ ಅಕ್ಟೋಬರಿನ ಮಾತು. ಊರು ಅನಾಪೊಲಿಸ್, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ರಾಜಧಾನಿ. ಪ್ರತಿ ಅಕ್ಟೋಬರಿನಲ್ಲೂ ಅಲ್ಲಿ ದೋಣಿಗಳ ದೊಡ್ಡ ಜಾತ್ರೆ ನಡೆಯುತ್ತದೆ. ಅಲ್ಲಿನ ಹೊಸ ಹಾಯಿದೋಣಿಗಳ ಬೆಲೆ ಕೇಳಿದರೆ ಮನೆ ಸಾಲ ನೆನಪಿಗೆ ಬರುತ್ತದೆ. ನಾವು ಗಂಡ ಹೆಂಡತಿ ಇಬ್ಬರೂ ಸಂಬಳದ ಜನ. ಮಗಳ ಕಾಲೇಜು ಮುಂದಿದೆ. ಜಾತ್ರೆ ನೋಡಿ ಮುಗಿಸಿ, ಊರಾಚೆಯ ಒಂದು ಕ್ರೀಕಿನಲ್ಲಿ, ಅಂದರೆ ಕೊಲ್ಲಿಯಿಂದ ಒಳಚಾಚಿದ ಸಣ್ಣ ಕವಲಿನಲ್ಲಿ, ಮಾರಾಟದ ಬೋರ್ಡು ಕಟ್ಟಿಕೊಂಡು ನಿಂತಿದ್ದ ಈ ಹಳೆಯದನ್ನು ನೋಡಲು ಹೋಗಿದ್ದೆವು. ಕೇಳಿದ ಬೆಲೆ 7,000 ಡಾಲರ್.

ರಾತ್ರಿ ಗಂಗೊಳ್ಳಿಗೆ ಫೋನು ಮಾಡಿದೆ. ನನ್ನ ಅಪ್ಪಯ್ಯ ನಲವತ್ತು ವರ್ಷ ಕಡಲಿಗೆ ಹೋದವರು. ಮೊದಲು ಪಾತಿ ದೋಣಿ, ಆಮೇಲೆ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ದೋಣಿಯ ಫೋಟೋ ಆಗಲೇ ಕಳಿಸಿದ್ದೆ. ಅದರ ಬಗ್ಗೆ ಅವರು ಏನೂ ಹೇಳಲಿಲ್ಲ. ಮೂರು ಪ್ರಶ್ನೆ ಕೇಳಿದರು. ಎಷ್ಟು ವರ್ಷದ್ದು? ಬೆಳಿಗ್ಗೆ ಎದ್ದರೆ ಎಷ್ಟು ನೀರು ಮೊಗೆಯಬೇಕು? ಹತ್ತಿದಾಗ ಕಾಲಿಗೆ ಏನನ್ನಿಸಿತು? ಮೊದಲನೆಯದಕ್ಕೆ ಉತ್ತರ ಕೊಟ್ಟೆ. ಎರಡನೆಯದನ್ನು ನಾನು ಕೇಳಿಯೇ ಇರಲಿಲ್ಲ. ಮೂರನೆಯದಕ್ಕೆ ಸುಮ್ಮನಾದೆ.

‘ಬಣ್ಣ ಕಾಂಬುದಲ್ಲ ಮಗಾ, ಹೊಟ್ಟಿ ಕಾಣ್’ ಅಂದರು.

ಮಳೆಗಾಲದಲ್ಲಿ ದೋಣಿಗಳನ್ನು ಮೇಲೆಳೆದು ಇಟ್ಟಾಗ ಅವರು ಒಂದೊಂದರ ಸುತ್ತಲೂ ನಡೆಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಬೆರಳಿನ ಗೆಣ್ಣಿನಿಂದ ಹಲಗೆ ಬಡಿಯುತ್ತಿದ್ದರು, ಹಲಸಿನಕಾಯಿ ಬಡಿದು ನೋಡಿದ ಹಾಗೆ. ಒಂದು ಕಡೆ ನಿಲ್ಲುತ್ತಿದ್ದರು. ಮತ್ತೊಮ್ಮೆ ಬಡಿಯುತ್ತಿದ್ದರು. ಅಲ್ಲೊಂದು ಸೀಮೆಸುಣ್ಣದ ಗೆರೆ ಬೀಳುತ್ತಿತ್ತು. ಆ ಹಲಗೆ ಆ ವರ್ಷ ಬದಲಾಗುತ್ತಿತ್ತು.

ಆ ದೋಣಿಯನ್ನು ನಾವು ಕೊಳ್ಳಲಿಲ್ಲ. ಆದರೆ ಅಲ್ಲಿಂದ ಆರು ತಿಂಗಳು ನಾನು ಹಳೆ ದೋಣಿಗಳನ್ನೇ ನೋಡುತ್ತಾ ತಿರುಗಿದೆ. ಆಗ ಕಲಿತದ್ದನ್ನು, ಆಮೇಲೆ ನೀರಿನ ಮೇಲೆ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಡಿಮೆ ದುಡ್ಡಿನಲ್ಲಿ ಹಾಯಿದೋಣಿ ಕೊಳ್ಳಬೇಕು, ವಾರಾಂತ್ಯಕ್ಕೆ ಬಂದರಿನ ಸುತ್ತ ತಿರುಗಬೇಕು, ಮುಂದೊಂದು ದಿನ ಕಡಲು ದಾಟಬೇಕು ಅನ್ನುವ ಆಸೆ ಇರುವವರು ನಮ್ಮಲ್ಲೂ ಇದ್ದಾರೆ. ಹೊರಗೆ ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಮೊದಲ ಗೊಂದಲ ಇಲ್ಲೇ ಶುರು. ಬಂದರಿನೊಳಗೆ ತಿರುಗುವ ದೋಣಿಯೂ ಕಡಲು ದಾಟುವ ದೋಣಿಯೂ ಬಯಸುವುದು ಬೇರೆ ಬೇರೆ. ನಮ್ಮದು ಚೆಸಪೀಕ್ ಕೊಲ್ಲಿ. ಉದ್ದ ಸುಮಾರು 200 ಮೈಲಿ, ಸರಾಸರಿ ಆಳ ಮಾತ್ರ 21 ಅಡಿ. ಎಷ್ಟೋ ಕ್ರೀಕುಗಳಲ್ಲಿ ಐದು ಅಡಿ ಆಳಕ್ಕೆ ಇಳಿಯುವ ದೋಣಿ ತಂದರೆ ಕೆಸರಿನಲ್ಲಿ ಕೂರುತ್ತದೆ. ಬೇಸಿಗೆಯಲ್ಲಿ ಗಾಳಿ ಸತ್ತೇ ಹೋಗಿರುತ್ತದೆ. ಮಧ್ಯಾಹ್ನ ಮೂರಕ್ಕೆ ಪಶ್ಚಿಮದಲ್ಲಿ ಕಪ್ಪು ಮೋಡ ಕಟ್ಟಿ, ಅರ್ಧ ಗಂಟೆ ಗುಡುಗು ಮಳೆ ಬಡಿದು, ಮತ್ತೆ ಏನೂ ಆಗದ ಹಾಗೆ ಬಿಸಿಲು. ಇಂಥ ಕಡೆ ಬೇಕಾದದ್ದು ಹಗುರ ದೋಣಿ, ಅಗಲವಾದ ಕೂರುವ ಜಾಗ, ಗಾಳಿ ಆಡುವ ಕಿಟಕಿಗಳು, ನಂಬಿಕೆಯ ಎಂಜಿನ್. ಕಡಲಿಗೆ ಹೋದರೆ ಇದರಲ್ಲಿ ಅರ್ಧ ಗುಣಗಳು ದೋಷವಾಗುತ್ತವೆ. ಅಲ್ಲಿ ಅಗಲವಾದ ಕೋಣೆಯಲ್ಲಿ ದೋಣಿ ವಾಲಿದಾಗ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಬೀಸಿ ಎಸೆದ ಹಾಗೆ ಆ ಗೋಡೆಗೆ ಹೋಗಿ ಬೀಳುತ್ತೀರಿ.

ನಮ್ಮನೆಯವರಿಗೆ ಕ್ಯಾಟಲಿನಾ 30 ತುಂಬಾ ಹಿಡಿಸಿತ್ತು. ಇವರು ದಾವಣಗೆರೆ ಕಡೆಯವರು, ಮೂವತ್ತು ದಾಟಿದ ಮೇಲೆ ಈಜು ಕಲಿತವರು. ಕ್ಯಾಟಲಿನಾ 30 ಅಮೆರಿಕದಲ್ಲಿ ಸಾವಿರಗಟ್ಟಲೆ ತಯಾರಾದ ದೋಣಿ. ಹಳೆಯದು ಎಲ್ಲಿ ಬೇಕಾದರೂ ಸಿಗುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ಒಳಗೆ ನಿಂತರೆ ಮೂವತ್ತು ಅಡಿಯ ದೋಣಿ ಅಂತ ಅನ್ನಿಸುವುದೇ ಇಲ್ಲ, ಅಷ್ಟು ಜಾಗ. ಕೊಲ್ಲಿಯೊಳಗೇ ಇರುತ್ತೇವೆ ಅಂತ ನಿರ್ಧರಿಸಿದವರಿಗೆ ನಾನು ಇಂದಿಗೂ ಅದನ್ನೇ ಹೇಳುತ್ತೇನೆ. ಕಣ್ಣು ಮುಚ್ಚಿ ಅಲ್ಲ, ಕಣ್ಣು ತೆರೆದೇ ಹೇಳುತ್ತೇನೆ.

ನನಗೆ ಕಡಲಿನ ಆಸೆ ಬಿಡಲಿಲ್ಲ. ಹಾಗಾಗಿ ಲೆಕ್ಕಕ್ಕೆ ಇಳಿದೆ.

1979ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ರೇಸ್‌ಗೆ 303 ಹಾಯಿದೋಣಿಗಳು ಹೊರಟಿದ್ದವು. ದಾರಿಯಲ್ಲಿ ಬಿರುಗಾಳಿ ಸಿಕ್ಕಿತು. ರೇಸಿನಲ್ಲಿದ್ದ 15 ಜನ ಸತ್ತರು. ಎಷ್ಟೋ ದೋಣಿಗಳು ಮಗುಚಿದವು, ಕೆಲವು ಮಗುಚಿದ ಮೇಲೆ ಬೇಗ ಎದ್ದು ನಿಲ್ಲಲಿಲ್ಲ. ಎಲ್ಲಕ್ಕಿಂತ ಚಿಕ್ಕ ದೋಣಿಗಳ ವರ್ಗದಲ್ಲಿ ರೇಸ್ ಮುಗಿಸಿದ್ದು ಒಂದೇ ಒಂದು, ‘ಅಸೆಂಟ್’ ಅನ್ನುವ ಕಾಂಟೆಸ್ಸಾ 32. ಕಿರಿದಾದ ಮೈ, ಕೆಳಗೆ ಭಾರ. ಆ ದುರಂತದ ನಂತರ ಅಮೆರಿಕದಲ್ಲಿ ನಡೆದ ಅಧ್ಯಯನದಿಂದ ಒಂದು ಸರಳ ಸೂತ್ರ ಬಂತು. ದೋಣಿಯ ತೂಕವನ್ನು ಪೌಂಡಿನಲ್ಲಿ ತಗೊಂಡು 64ರಿಂದ ಭಾಗಿಸಿ, ಅದರ ಘನಮೂಲ ತೆಗೆಯಿರಿ. ದೋಣಿಯ ಅಗಲವನ್ನು ಅಡಿಯಲ್ಲಿ ತಗೊಂಡು ಆ ಸಂಖ್ಯೆಯಿಂದ ಭಾಗಿಸಿ. ಉತ್ತರ 2ಕ್ಕಿಂತ ಕಡಿಮೆ ಇದ್ದಷ್ಟೂ ಮಗುಚಿದ ದೋಣಿ ತಿರುಗಿ ಎದ್ದು ನಿಲ್ಲುವ ಸಂಭವ ಜಾಸ್ತಿ.

ಅಡುಗೆಮನೆಯ ಮೇಜಿನ ಮೇಲೆ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆ. ಕ್ಯಾಟಲಿನಾ 30ಕ್ಕೆ ಸರಿಯಾಗಿ 2ರ ಅಂಚಿನ ಉತ್ತರ ಬಂತು. ಆಲ್ಬರ್ಗ್ 30 ಅನ್ನುವ ಇನ್ನೊಂದಕ್ಕೆ 1.7. ಉದ್ದ ಹೆಚ್ಚುಕಡಿಮೆ ಒಂದೇ, ಆದರೆ ಎರಡನೆಯದು ಎರಡು ಅಡಿ ಕಿರಿದು. ಭಾರ ಎಲ್ಲಿ ಕೂತಿದೆ ಅನ್ನುವುದನ್ನು ಈ ಸೂತ್ರ ನೋಡುವುದಿಲ್ಲ. ಅದಕ್ಕೇ ಇದೊಂದನ್ನೇ ನಂಬಿ ದೋಣಿ ಕೊಳ್ಳಬಾರದು. ಆದರೂ ನನಗೆ ಮೊದಲ ಬಾರಿಗೆ ಕಣ್ಣಿಗೆ ಕಾಣುವ ಅಂದವನ್ನು ಬಿಟ್ಟು ಬೇರೇನನ್ನೋ ಹಿಡಿದುಕೊಳ್ಳಲು ಸಿಕ್ಕಿತ್ತು.

ಚಿಕ್ಕ, ಹಳೆ ದೋಣಿಯಲ್ಲಿ ಕಡಲು ದಾಟುವುದು ಹುಚ್ಚು ಅಂತ ಕೆಲವು ಗೆಳೆಯರು ಅಂದರು. ಅವರಿಗೆ ನಾನು ಸುಹೈಲಿಯ ಕತೆ ಹೇಳುತ್ತಿದ್ದೆ. 32 ಅಡಿಯ, ತೇಗದ ಮರದ ಆ ದೋಣಿ ಕಟ್ಟಿದ್ದು ನಮ್ಮ ಬಾಂಬೆಯಲ್ಲಿ, 1960ರ ದಶಕದಲ್ಲಿ. ಅದರ ಒಡೆಯ ರಾಬಿನ್ ನಾಕ್ಸ್-ಜಾನ್‌ಸ್ಟನ್ ಆಗ ವ್ಯಾಪಾರಿ ಹಡಗಿನ ಅಧಿಕಾರಿ. ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಬೇಕು ಅಂತ ಹೊರಟಾಗ ಅವರಿಗೆ ಬೇಕಿದ್ದದ್ದು ದೊಡ್ಡ ಹೊಸ ದೋಣಿ. ಅದಕ್ಕೆ ದುಡ್ಡು ಹೊಂದಲಿಲ್ಲ. ಕೈಯಲ್ಲಿದ್ದ ಸುಹೈಲಿಯಲ್ಲೇ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟರು. 1969ರ ಏಪ್ರಿಲ್ 22ಕ್ಕೆ ಅಲ್ಲಿಗೇ ಮರಳಿದರು. ಒಂಬತ್ತು ಜನ ಹೊರಟ ಆ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಮುಗಿಸಿದವರು ಅವರೊಬ್ಬರೇ.

ಆ ರೇಸನ್ನು 2018ರಲ್ಲಿ ಮತ್ತೆ ಶುರು ಮಾಡಿದಾಗ ಹಾಕಿದ ನಿಯಮ ನನ್ನಂಥವರಿಗೆ ಪಾಠ ಇದ್ದ ಹಾಗೆ: ದೋಣಿ 32ರಿಂದ 36 ಅಡಿ ಇರಬೇಕು, 1988ಕ್ಕಿಂತ ಮೊದಲಿನ ವಿನ್ಯಾಸವಾಗಿರಬೇಕು, ದೋಣಿಯ ತಳದಿಂದ ನೀರಿಗಿಳಿಯುವ ಬೆನ್ನೆಲುಬು, ಅಂದರೆ ಕೀಲ್, ಉದ್ದವಾಗಿರಬೇಕು, ಚುಕ್ಕಾಣಿ ಆ ಕೀಲಿನ ಬೆನ್ನಿಗೇ ಅಂಟಿಕೊಂಡಿರಬೇಕು. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಆ ವರ್ಷ ಗೋವಾದಲ್ಲಿ ಕಟ್ಟಿದ ಸುಹೈಲಿಯ ಮಾದರಿಯಲ್ಲಿ ಹೋಗಿ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹಾಯಿ ಕಟ್ಟುವ ಕೂವೆಕಂಬ ಮುರಿದು, ಬೆನ್ನುಮೂಳೆಗೆ ಏಟು ಬಿದ್ದು, ಅಲುಗಾಡಲಾರದೆ ಮಲಗಿದ್ದಾಗ ರಕ್ಷಣೆ ಸಿಕ್ಕಿತು. ಮುಂದಿನ ರೇಸಿಗೆ ಮತ್ತೆ ಹೊರಟರು, ಈ ಸಲ ರಸ್ಲರ್ 36 ಅನ್ನುವ ದೋಣಿಯಲ್ಲಿ. 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ಮುಗಿಸಿದರು. ಅದನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಭಾರತದ ಸೇನೆಯ ಎಂಜಿನಿಯರುಗಳು 1985ರಿಂದ 87ರವರೆಗೆ ಭೂಮಿ ಸುತ್ತಿದ ‘ತೃಷ್ಣಾ’ ಕೂಡ ಬ್ರಿಟನ್ನಿನಲ್ಲಿ ಕೊಂಡ 37 ಅಡಿಯ ಹಳೆ ದೋಣಿಯೇ. ಅದೇ ಕಾಲಕ್ಕೆ ಟಾನಿಯಾ ಏಬಿ ಅನ್ನುವ ಹದಿನೆಂಟರ ಹುಡುಗಿ ನ್ಯೂಯಾರ್ಕಿನಿಂದ 26 ಅಡಿಯ ಕಾಂಟೆಸ್ಸಾದಲ್ಲಿ ಹೊರಟು, ಎರಡೂವರೆ ವರ್ಷದಲ್ಲಿ ಸುತ್ತಿ ಬಂದಳು. ಇವರೆಲ್ಲರ ಧೈರ್ಯ ನನ್ನದಲ್ಲ. ಆದರೆ ಅವರ ದೋಣಿಗಳ ಅಳತೆ ನನ್ನ ಕೈಗೆಟುಕುವಂಥದ್ದು.

ಇನ್ನೊಂದು ಘಟನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. 1991ರ ಅಕ್ಟೋಬರ್ ಕೊನೆಯ ದೊಡ್ಡ ಬಿರುಗಾಳಿಯಲ್ಲಿ ‘ಸತೋರಿ’ ಅನ್ನುವ ವೆಸ್ಟ್‌ಸೇಲ್ 32ರಿಂದ ಮೂವರನ್ನು ಕೋಸ್ಟ್ ಗಾರ್ಡ್ ಎತ್ತಿಕೊಂಡಿತು. ಜನರಿಲ್ಲದ ಆ ದೋಣಿ ತಾನೇ ತೇಲುತ್ತಾ ಹೋಗಿ ಕೆಲವು ದಿನಗಳ ನಂತರ ಮರಳ ದಂಡೆಗೆ ಬಂದು ಕೂತಿತ್ತು. ಮೈ ಗಟ್ಟಿಯಾಗಿಯೇ ಇತ್ತು. ಅದನ್ನು ಮತ್ತೆ ನೀರಿಗಿಳಿಸಿದರು.

ಹಾಗಾದರೆ ಇಂಥ ದೋಣಿಗಳು ಇಷ್ಟು ಅಗ್ಗಕ್ಕೆ ಯಾಕೆ ಸಿಗುತ್ತವೆ? ಕಾರಣ ಫೈಬರ್‌ಗ್ಲಾಸ್. 1959ರಲ್ಲಿ ಪಿಯರ್ಸನ್ ಟ್ರೈಟನ್ ಅನ್ನುವ 28 ಅಡಿಯ ದೋಣಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಬಂತು. ಕಾರ್ಲ್ ಆಲ್ಬರ್ಗ್ ಅವರ ವಿನ್ಯಾಸ. ಅಲ್ಲಿಂದ ಮುಂದೆ ಸಂಸಾರಸ್ಥರೂ ಕೊಳ್ಳಬಹುದಾದ ಫೈಬರ್‌ಗ್ಲಾಸ್ ದೋಣಿಗಳು ಸಾಲುಸಾಲಾಗಿ ಬಂದವು. ಮರದ ದೋಣಿಗೆ ಆಯಸ್ಸು ಅಂತ ಒಂದಿದೆ. ಹುಳ ಹಿಡಿಯುತ್ತದೆ, ಕೊಳೆಯುತ್ತದೆ, ಕೊನೆಗೆ ಒಲೆಗೆ ಹೋಗುತ್ತದೆ. ಫೈಬರ್‌ಗ್ಲಾಸಿನ ಮೈ ಅರವತ್ತು ವರ್ಷವಾದರೂ ಹಾಗೇ ಇರುತ್ತದೆ. ಕೊಂಡವರು ಮುದುಕರಾದರು, ದೋಣಿ ಮುದಿಯಾಗಲಿಲ್ಲ. ಮಕ್ಕಳಿಗೆ ಬೇಡ. ನಿಲ್ಲಿಸಿದ ಜಾಗಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಹಾಗಾಗಿ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಾರೆ.

ಮೈ ಉಳಿಯುತ್ತದೆ, ನಿಜ. ಆದರೆ ಅದಕ್ಕೆ ಕೂರಿಸಿದ ಉಳಿದದ್ದೆಲ್ಲ ಸಾಯುತ್ತಿರುತ್ತದೆ. ಇದನ್ನು ಕಣ್ಣಾರೆ ಕಂಡದ್ದು ಸರ್ವೇಯ ದಿನ.

ಮಾರ್ಚ್ ತಿಂಗಳ ಚಳಿಯಲ್ಲಿ ಎರಡನೆಯ ದೋಣಿಗೆ ಸರ್ವೇಯರ್ ಕರೆಸಿದ್ದೆವು, ಅಂದರೆ ಕೊಳ್ಳುವ ಮೊದಲು ದೋಣಿ ಪರೀಕ್ಷಿಸಿ ವರದಿ ಕೊಡುವವರನ್ನು. ನನ್ನ ಖರ್ಚು 700 ಡಾಲರ್. ದೋಣಿಯ ಬೆಲೆಯ ಹತ್ತನೇ ಒಂದು ಭಾಗಕ್ಕೂ ಜಾಸ್ತಿ. ಕೊಡುವಾಗ ಕೈ ನಡುಗಿತು. ಈಗ ಅನ್ನಿಸುತ್ತದೆ, ಇಡೀ ವ್ಯವಹಾರದಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ಒಂದು ಮಾತು: ಸರ್ವೇಯರನ್ನು ನೀವೇ ಹುಡುಕಿ. ಮಾರುವವರು ಹೇಳಿದವರನ್ನು ಕರೆಸಬೇಡಿ.

ಅವರು ಚೀಲದಿಂದ ತೆಗೆದದ್ದು ಒಂದು ಪುಟ್ಟ ಪ್ಲಾಸ್ಟಿಕ್ ಸುತ್ತಿಗೆ. ಡೆಕ್ಕಿನ ಮೇಲೆ ಮಂಡಿಯೂರಿ ಕೂತು ಬಡಿಯಲು ಶುರು ಮಾಡಿದರು. ಟಕ್, ಟಕ್, ಟಕ್. ಅಂಗುಲ ಅಂಗುಲ ಮುಂದಕ್ಕೆ. ನಾನು ಪಕ್ಕದಲ್ಲೇ ಕೂತೆ. ಒಂದು ಕಡೆ ದನಿ ಬದಲಾಯಿತು. ಟಕ್ ಹೋಗಿ ದಪ್ ಅಂತ ಬಂತು. ಅವರು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ನೀಲಿ ಟೇಪಿನ ಒಂದು ತುಂಡು ಅಲ್ಲಿ ಅಂಟಿಸಿದರು. ಅಪ್ಪಯ್ಯನ ಸೀಮೆಸುಣ್ಣದ ಗೆರೆ ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಮತ್ತೆ ಕಂಡಿತು ನನಗೆ.

ಡೆಕ್ ಅಂದರೆ ಎರಡು ಪದರ ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಅನ್ನುವ ಹಗುರ ಮರ. ಡೆಕ್ಕಿಗೆ ಕೊರೆದು ಕೂರಿಸಿದ ಪ್ರತಿ ಬೋಲ್ಟಿನ ಸುತ್ತಲೂ ಒಂದು ಅಂಟು ಇರುತ್ತದೆ. ಹತ್ತು ಹದಿನೈದು ವರ್ಷಕ್ಕೆ ಆ ಅಂಟು ಒಣಗಿ ಬಿರಿಯುತ್ತದೆ. ಮಳೆನೀರು ಸಂದಿನಲ್ಲಿ ಇಳಿಯುತ್ತದೆ. ಒಳಗಿನ ಮರ ನೆನೆದು ಗೊಜ್ಜಾಗುತ್ತದೆ. ಮೇಲಿನ ಬಣ್ಣ ಮಾತ್ರ ಫಳಫಳ. ಆ ಮೊದಲ ದೋಣಿಯ ಮೇಲೆ ನನ್ನ ಹಿಮ್ಮಡಿಗೆ ತಾಗಿದ್ದು ಇದೇ. ಒಂದು ಟೇಪಿನ ತುಂಡಿನಷ್ಟಾದರೆ ನಾವೇ ಕೊರೆದು ತೆಗೆದು ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಬಹುದು. ಇಡೀ ಡೆಕ್ಕಾದರೆ ಬಿಟ್ಟು ಬರುವುದೇ ಸರಿ.

ಆಮೇಲೆ ಕೆಳಗಿಳಿದೆವು. ದಿಂಬು ತೆಗೆದು, ಹಲಗೆ ತೆಗೆದು, ಟಾರ್ಚ್ ಹಿಡಿದು ಮಲಗಿ ನೋಡಬೇಕು. ಕೂವೆಕಂಬವನ್ನು ನಿಲ್ಲಿಸುವುದು ಉಕ್ಕಿನ ತಂತಿಗಳು. ಆ ತಂತಿಗಳು ದೋಣಿಯ ಮೈಗೆ ಸೇರುವ ಜಾಗದಲ್ಲಿ ಚೈನ್‌ಪ್ಲೇಟ್ ಅನ್ನುವ ಲೋಹದ ಪಟ್ಟಿಗಳಿರುತ್ತವೆ. ಪಟ್ಟಿ ಡೆಕ್ಕನ್ನು ತೂರಿ ಕೆಳಗಿಳಿಯುತ್ತದೆ. ತೂರುವ ಅಲ್ಲಿ, ಯಾರ ಕಣ್ಣಿಗೂ ಬೀಳದ ಅರ್ಧ ಅಂಗುಲದಲ್ಲಿ, ನೀರು ನಿಂತು ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ. ತುಕ್ಕು ಹಿಡಿಯದ ಉಕ್ಕು ಅಂತ ನಂಬಿದ್ದೆ. ಗಾಳಿಯಾಡದ ಒದ್ದೆ ಜಾಗದಲ್ಲಿ ಅದಕ್ಕೂ ಬಿರುಕು ಬರುತ್ತದೆ. ಸರ್ವೇಯರ್ ಪಟ್ಟಿಯ ಮೇಲೆ ಬೆರಳು ಎಳೆದು ತೋರಿಸಿದರು. ಕಂದು ಬಣ್ಣದ ಕಣ್ಣೀರಿನ ಗೆರೆ. ‘ಇದನ್ನು ಬಿಚ್ಚದೆ ಕಡಲಿಗೆ ಹೋಗಬೇಡಿ’ ಅಂದರು. ಅದನ್ನು ಬಿಚ್ಚಿದ ಮೇಲೆ ನೋಡಿದರೆ ಒಂದು ಪಟ್ಟಿಯಲ್ಲಿ ಕೂದಲೆಳೆಯ ಬಿರುಕು ಇತ್ತು. ಅದು ಈಗ ನನ್ನ ಮೇಜಿನ ಮೇಲಿದೆ. ಇದನ್ನು ಬರೆಯುವಾಗಲೂ ಪಕ್ಕದಲ್ಲಿದೆ.

ನೀರಿನ ಮಟ್ಟದ ಕೆಳಗೆ ದೋಣಿಯ ಮೈಯಲ್ಲಿ ತೂತುಗಳಿರುತ್ತವೆ ಅಂದರೆ ಹೊಸಬರಿಗೆ ಗಾಬರಿಯಾಗುತ್ತದೆ. ಎಂಜಿನ್ ತಂಪಾಗಿಸುವ ನೀರಿಗೆ, ಸಿಂಕಿಗೆ, ಶೌಚಕ್ಕೆ. ಪ್ರತಿ ತೂತಿಗೂ ಒಂದು ವಾಲ್ವ್. ಒಂದೂವರೆ ಅಂಗುಲದ ಒಂದು ಪೈಪು ಕಳಚಿದರೆ ನಿಮಿಷಕ್ಕೆ 100 ಲೀಟರಿಗೂ ಜಾಸ್ತಿ ನೀರು ಒಳಗೆ ಬರುತ್ತದೆ. ಆಗ ವಾಲ್ವ್ ತಿರುಗಬೇಕು. ನಾವು ನೋಡಿದ ದೋಣಿಗಳಲ್ಲಿ ಅರ್ಧಕ್ಕರ್ಧ ವಾಲ್ವುಗಳು ಉಪ್ಪು ಕಚ್ಚಿ ಅಲ್ಲಾಡುತ್ತಲೇ ಇರಲಿಲ್ಲ. ದೋಣಿ ನೋಡಲು ಹೋದಾಗ ನೀವೇ ಕೈ ಹಾಕಿ ತಿರುಗಿಸಿ ನೋಡಿ. ಮೆತ್ತಗೆ ತಿರುಗಿಸಿ, ತುಂಡಾದೀತು.

ಕೀಲಿನ ಮಾತೂ ಬರಬೇಕು. ಹೊಸ ಕಾಲದ ಹಗುರ ದೋಣಿಗಳಲ್ಲಿ ಕೀಲನ್ನು ಬೋಲ್ಟುಗಳಿಂದ ಕೆಳಗೆ ಬಿಗಿದಿರುತ್ತಾರೆ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ಕಿನ ನಡುವೆ ‘ಚೀಕಿ ರಫೀಕಿ’ ಅನ್ನುವ ದೋಣಿಯ ಕೀಲ್ ಕಳಚಿ ನಾಲ್ವರು ಹೋದರು. ಅಂಥ ದೋಣಿ ಕೊಳ್ಳುವವರು ಅದು ಯಾವಾಗಾದರೂ ನೆಲಕ್ಕೆ ಬಡಿದಿತ್ತಾ ಅಂತ ಕೇಳಲೇಬೇಕು. ಆಲ್ಬರ್ಗ್ 30ರಲ್ಲಿ ಕೀಲ್ ಬೇರೆ ಅಲ್ಲ. ಮೈಯೇ ಕೆಳಕ್ಕೆ ಇಳಿದು ಕೀಲಾಗಿದೆ, ಅದರೊಳಗೆ ಕಬ್ಬಿಣದ ಭಾರ ಕೂತಿದೆ. ಒಟ್ಟು ತೂಕ 9,000 ಪೌಂಡ್, ಅದರಲ್ಲಿ 3,300 ಪೌಂಡ್ ಕೆಳಗಿನ ಭಾರವೇ. ನೀರಿನಲ್ಲಿ ಇಳಿಯುವುದು ನಾಲ್ಕೂಕಾಲು ಅಡಿ, ಚೆಸಪೀಕ್‌ಗೆ ಸಾಕಷ್ಟು ಹೊಂದುತ್ತದೆ. ಬೋಲ್ಟಿನ ಚಿಂತೆಯೊಂದು ಕಡಿಮೆಯಾದದ್ದೇ ನನಗೆ ರಾತ್ರಿ ನಿದ್ದೆ ತಂದ ವಿಷಯ.

ಹೌದು, ಕೊಂಡದ್ದು ಅದನ್ನೇ. 2017ರ ಏಪ್ರಿಲಿನಲ್ಲಿ, ಆಲ್ಬರ್ಗ್ 30. ಕೇಳಿದ್ದು 8,500 ಡಾಲರ್, ಕೊಟ್ಟದ್ದು 6,500. ಸರ್ವೇ ವರದಿ ತೋರಿಸಿ ಇಳಿಸಿದೆವು. ಹಿಂದಿನವರು ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಹಾಕಿಸಿದ್ದರು. ಇದು ದೊಡ್ಡ ವಿಷಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಕೂರುತ್ತದೆ, ಒಂದು ಕಿಡಿ ಸಾಕು.

ದುಡ್ಡಿನ ಮಾತನ್ನು ಮುಚ್ಚಿಡದೆ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಕೈಯಲ್ಲಿ ಹನ್ನೆರಡು ಸಾವಿರ ಇದ್ದರೆ ಹನ್ನೆರಡು ಸಾವಿರದ ದೋಣಿ ನೋಡಬೇಡಿ. ಆರರದ್ದು ನೋಡಿ. ನಮಗೆ ಮೊದಲ ಎರಡು ವರ್ಷದಲ್ಲಿ ಉಕ್ಕಿನ ತಂತಿಗಳನ್ನೆಲ್ಲ ಬದಲಿಸಲು 4,000 ಹೋಯಿತು. ಅವಕ್ಕೆ ಹತ್ತು ಹದಿನೈದು ವರ್ಷದ ಆಯಸ್ಸು, ನಮ್ಮವು ಇಪ್ಪತ್ತು ದಾಟಿದ್ದವು. ಚೈನ್‌ಪ್ಲೇಟು, ವಾಲ್ವುಗಳು, ವೈರಿಂಗ್ ಬೇರೆ. ಕಡಲಿಗೆ ಹೋಗುವ ಹೊತ್ತಿಗೆ ಜೀವರಕ್ಷಕ ರಾಫ್ಟ್, ಉಪಗ್ರಹಕ್ಕೆ ಕೂಗು ಕಳಿಸುವ ಇಪರ್ಬ್, ಹತ್ತಿರ ಬರುವ ಹಡಗುಗಳನ್ನು ತೋರಿಸುವ ಎಐಎಸ್, ಗಾಳಿಯ ಬಲದಿಂದಲೇ ಚುಕ್ಕಾಣಿ ಹಿಡಿಯುವ ವಿಂಡ್‌ವೇನ್. ವಿಂಡ್‌ವೇನ್ ಹೊಸದು ಕೊಂಡರೆ ಹೆಚ್ಚುಕಡಿಮೆ ನಮ್ಮ ದೋಣಿಯ ಬೆಲೆಯೇ. ಹಳೆಯದೊಂದು ಸಿಗುವವರೆಗೆ ಮೂರು ವರ್ಷ ಕಾದೆವು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಹಳೆ ದೋಣಿಯ ಮಟ್ಟಿಗೆ ಅಕ್ಷರಶಃ ನಿಜ.

ಹಾಗಾದರೆ ಅಗ್ಗ ಹೇಗಾಯಿತು? ಎರಡು ಕಾರಣದಿಂದ. ಒಂದು, ಮೂವತ್ತು ಅಡಿಗೇ ನಿಲ್ಲಿಸಿದ್ದು. ದೋಣಿ ಉದ್ದವಾದಂತೆ ಖರ್ಚು ಅದೇ ಲೆಕ್ಕದಲ್ಲಿ ಏರುವುದಿಲ್ಲ, ಜಿಗಿಯುತ್ತದೆ. ಹಾಯಿ ದೊಡ್ಡದು, ಹಗ್ಗ ದಪ್ಪ, ಲಂಗರು ಭಾರ, ನಿಲ್ಲಿಸುವ ಬಾಡಿಗೆಯಂತೂ ಅಡಿ ಲೆಕ್ಕ. ನಲವತ್ತು ಅಡಿಯ ಕನಸು ಕಂಡು ಮೂವತ್ತನ್ನೂ ಕೊಳ್ಳದೆ ಉಳಿದವರನ್ನು ನಾನು ಬಹಳ ನೋಡಿದ್ದೇನೆ. ಇನ್ನೊಂದು, ಕೆಲಸವನ್ನು ನಾವೇ ಮಾಡಿದ್ದು. ಇವರು ಎಂಜಿನ್ ಕಲಿತರು. ಎರಡು ಸಿಲಿಂಡರಿನ ಡೀಸೆಲ್, ಹಳ್ಳಿಯ ಪಂಪ್‌ಸೆಟ್ಟಿನ ಅಣ್ಣತಮ್ಮ ಇದ್ದ ಹಾಗೆ. ದಾವಣಗೆರೆಯ ಗದ್ದೆ ಬದುವಿನಲ್ಲಿ ಮಾವನವರು ಪಂಪ್ ಬಿಚ್ಚುವಾಗ ಸ್ಪ್ಯಾನರ್ ಹಿಡಿದು ನಿಂತ ಕೈ ಇವರದ್ದು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಏನು ಮಾಡಬೇಕು ಅಂತ ಇವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಐದು ಬೇಸಿಗೆ ನಾವು ಕೊಲ್ಲಿ ಬಿಟ್ಟು ಹೊರಗೆ ಹೋಗಲಿಲ್ಲ. ನನಗೆ ಅದರ ಬಗ್ಗೆ ಸ್ವಲ್ಪವೂ ಬೇಸರವಿಲ್ಲ. ಶನಿವಾರ ಬೆಳಿಗ್ಗೆ ಹೊರಟು, ಸಂಜೆ ಯಾವುದೋ ಕ್ರೀಕಿನಲ್ಲಿ ಲಂಗರು ಹಾಕಿ, ಒಲೆಯ ಮೇಲೆ ಉಪ್ಪಿಟ್ಟು. ನೀರಿನ ಮೇಲೆ ಹೆರಾನ್ ಹಕ್ಕಿಗಳು, ಎಲ್ಲೋ ಏಡಿ ಹಿಡಿಯುವವರ ಬೋಟಿನ ಸದ್ದು. ಜುಲೈನಲ್ಲಿ ಲೋಳೆಮೀನು ಬರುತ್ತವೆ, ಈಜು ಬಂದ್. ಗಾಳಿ ಕಡಿಮೆಯಿದ್ದ ದಿನ ನಮ್ಮ ಭಾರದ ದೋಣಿ ಎಮ್ಮೆಯ ಹಾಗೆ ನಿಂತುಬಿಡುತ್ತಿತ್ತು. ಪಕ್ಕದಲ್ಲಿ ಕ್ಯಾಟಲಿನಾಗಳು ಸುಯ್ಯನೆ ಹೋಗುತ್ತಿದ್ದವು. ಆಗ ಇವರು ಏನೂ ಹೇಳದೆ ಅವನ್ನು ನೋಡುತ್ತಿದ್ದರು. ಅವರ ಮೌನಕ್ಕೆ ನಾನು ಋಣಿ.

ಆ ಐದು ವರ್ಷದಲ್ಲೇ ದೋಣಿಯ ಪ್ರತಿ ಬೋಲ್ಟ್ ನಮ್ಮ ಕೈಗೆ ಬಂದದ್ದು. ಗುಡುಗಿನ ಗಾಳಿಯಲ್ಲಿ ಹಾಯಿ ಎಷ್ಟು ಬೇಗ ಇಳಿಸಬಲ್ಲೆವು ಅಂತ ಗೊತ್ತಾದದ್ದು. ಕೊಂಡ ವರ್ಷವೇ ಕಡಲಿಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಆ ಬಿರುಕು ಬಿಟ್ಟ ಪಟ್ಟಿ ನೋಡಿದಾಗಲೆಲ್ಲ ಯೋಚಿಸುತ್ತೇನೆ. ದೋಣಿ ಆಯುವಾಗ ನಾನು ಕೇಳಬೇಕಿದ್ದ ಪ್ರಶ್ನೆ, ಇದು ಕಡಲು ದಾಟುತ್ತದಾ ಅನ್ನುವುದಕ್ಕಿಂತ ಮೊದಲು, ಮುಂದಿನ ಶನಿವಾರ ಇದನ್ನು ನೀರಿಗೆ ತೆಗೆಯುತ್ತೇನಾ ಅನ್ನುವುದು. ಶನಿವಾರ ಹೊರಡದ ದೋಣಿ ಬರ್ಮುಡಾಕ್ಕೂ ಹೊರಡುವುದಿಲ್ಲ. ನಮ್ಮ ಮರೀನಾದಲ್ಲೇ ಕಡಲಿಗೆಂದು ಸಜ್ಜಾದ ದೊಡ್ಡ ದೋಣಿಗಳು ವರ್ಷಗಟ್ಟಲೆ ಕಟ್ಟಿದಲ್ಲೇ ನಿಂತಿವೆ, ಹಗ್ಗಗಳ ಮೇಲೆ ಪಾಚಿ ಹಸಿರು. ನೋಡಿದರೆ ಹೊಟ್ಟೆ ಉರಿಯುತ್ತದೆ.

2022ರ ಜೂನ್ ನಡುವಿನಲ್ಲಿ ಹೊರಟೆವು. ಮೂವರು: ನಾನು, ಇವರು, ಈ ದಾರಿಯಲ್ಲಿ ಮೊದಲೇ ಎರಡು ಸಲ ಹೋಗಿದ್ದ ಒಬ್ಬ ಗೆಳತಿ. ಅನಾಪೊಲಿಸ್‌ನಿಂದ ಬರ್ಮುಡಾಕ್ಕೆ ರೇಸ್ ನಡೆಯುತ್ತದೆ, ಅದರ ಅಳತೆ 753 ನಾಟಿಕಲ್ ಮೈಲಿ. ನಾವು ರೇಸಿನವರಲ್ಲ. ಕೊಲ್ಲಿಯ ಬಾಯಿಯ ಹತ್ತಿರದ ನಾರ್ಫೋಕ್‌ನಲ್ಲಿ ನಿಂತು, ಹವೆ ಸರಿಯಾಗಲಿ ಅಂತ ನಾಲ್ಕು ದಿನ ಕಾದೆವು. ಕಾದದ್ದು ಗಲ್ಫ್ ಸ್ಟ್ರೀಮ್ ಹೆದರಿಕೆಗೆ. ಕಡಲಿನೊಳಗೆ ಹರಿಯುವ ಬೆಚ್ಚನೆ ನದಿ ಅದು, ಈಶಾನ್ಯಕ್ಕೆ ಓಡುತ್ತದೆ. ಈಶಾನ್ಯದಿಂದಲೇ ಗಾಳಿ ಬೀಸಿದರೆ ಗಾಳಿಗೂ ಹರಿವಿಗೂ ಎದುರುಬದುರಾಗಿ ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಗಾಳಿ ನೈಋತ್ಯಕ್ಕೆ ತಿರುಗಿದ ಮೇಲೆ ಲಂಗರು ಎತ್ತಿದೆವು.

ಎರಡನೇ ದಿನ ಸಂಜೆ ನೀರಿನ ಬಣ್ಣ ಬದಲಾಯಿತು. ಹಸಿರು ಹೋಗಿ ಶಾಯಿಯ ನೀಲಿ. ಬಕೆಟಿನಲ್ಲಿ ಎತ್ತಿದ ನೀರು ಸ್ನಾನಕ್ಕೆ ಕಾಯಿಸಿದ ಹಾಗೆ ಬೆಚ್ಚಗೆ. ರಾತ್ರಿ ಗಾಳಿ 30 ನಾಟ್ ಮುಟ್ಟಿತು, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್. ಕಿರಿದಾದ ಕೋಣೆಯಲ್ಲಿ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿತ್ತು. ಐದು ವರ್ಷ ಇಕ್ಕಟ್ಟು ಅಂತ ಬೈದುಕೊಂಡಿದ್ದ ಜಾಗ ಆ ರಾತ್ರಿ ನಮ್ಮನ್ನು ಹಿಡಿದುಕೊಂಡಿತ್ತು. ದೋಣಿ ವಾಲುತ್ತಿತ್ತು, ಒಂದು ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಏಳುತ್ತಿತ್ತು. ಬಡಿತವಿಲ್ಲ, ಅದುರಿಲ್ಲ. ಇವರು ಕಾವಲು ಮುಗಿಸಿ ಒಳಗೆ ಬಂದು, ಒದ್ದೆ ಬಟ್ಟೆಯಲ್ಲೇ ಕೂತು, ‘ಕ್ಯಾಟಲಿನಾ ಬೇಡ ಅಂದದ್ದು ಒಳ್ಳೆಯದಾಯ್ತು’ ಅಂದರು. ಆರು ವರ್ಷದ ಹಿಂದಿನ ಮಾತಿಗೆ ಸಿಕ್ಕ ಉತ್ತರ.

ಆರನೇ ದಿನ ಮಧ್ಯಾಹ್ನ ಬರುವ ದೋಣಿಗಳಿಗೆ ದಾರಿ ಹೇಳುವ ಬರ್ಮುಡಾ ರೇಡಿಯೋಗೆ ಕರೆ ಮಾಡಿ, ಟೌನ್ ಕಟ್ ಅನ್ನುವ ಕಿರಿದಾದ ಕಾಲುವೆಯಲ್ಲಿ ನುಸುಳಿ ಸೇಂಟ್ ಜಾರ್ಜ್ ಬಂದರಿಗೆ ಬಂದೆವು. ಎರಡೂ ಕಡೆ ಬಂಡೆ, ನಡುವೆ ನಾವು. ನಮ್ಮ ಗಂಗೊಳ್ಳಿಯ ಅಳಿವೆಯಲ್ಲಿ ಬೋಟು ಒಳಗೆ ಬರುವಾಗ ದಡದಲ್ಲಿ ಹೆಂಗಸರು ಉಸಿರು ಹಿಡಿದು ನಿಲ್ಲುತ್ತಿದ್ದುದು ನೆನಪಾಯಿತು. ಅವರಲ್ಲಿ ನನ್ನ ಅಮ್ಮನೂ ಇರುತ್ತಿದ್ದಳು.

ದಡಕ್ಕೆ ಕಟ್ಟಿ, ಕಸ್ಟಮ್ಸ್ ಮುಗಿಸಿ, ಗಂಗೊಳ್ಳಿಗೆ ಫೋನು ಮಾಡಿದೆ. ಅಲ್ಲಿ ಸರಿರಾತ್ರಿ ದಾಟಿತ್ತು. ಅಪ್ಪಯ್ಯ ಎಚ್ಚರವಾಗಿದ್ದರು. ಬಂದು ಮುಟ್ಟಿದೆವು ಅಂದೆ. ಅಲೆಯ ಬಗ್ಗೆ ಹೇಳಲು ಹೊರಟೆ. ಅವರು ನಡುವೆ ತಡೆದು ಕೇಳಿದರು, ‘ನೀರ್ ಎಷ್ಟ್ ಮೊಗ್ದ್ರಿ?’

‘ಆರು ದಿನಕ್ಕೆ ಎರಡು ಚೆಂಬು, ಅಪ್ಪಯ್ಯ.’

ಸ್ವಲ್ಪ ಹೊತ್ತು ಮಾತಿಲ್ಲ. ಫೋನಿನಲ್ಲಿ ಮಳೆಯ ಸದ್ದು ಕೇಳುತ್ತಿತ್ತು.

‘ಹಂಗಾರೆ ಅಡ್ಡಿಲ್ಲೆ’ ಅಂದರು.